ಹೆರಿಗೆ ನೋವಿಗೆ ಇಂಜೆಕ್ಷನ್ ಕೇಳಿದರೆ ತಪ್ಪಾ?

ಪ್ರಶ್ನೆ: ನನಗೀಗ ಎಂಟು ತಿಂಗಳು, ಚೊಚ್ಚಲ ಹೆರಿಗೆ. ನೋವು ಇಳಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ತಗೋಬೇಕು ಅಂತಿದ್ದೇನೆ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಸೊಂಟ ನೋವು, ಕೊನೆಗೆ ಸಿಸೇರಿಯನ್ನೇ ಗತಿ ಅಂತಾರೆ ಅತ್ತೆ. ನಮ್ಮಕ್ಕನಿಗೆ ಹೋದ ವರ್ಷ ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು, ನೋವು ಕಡಿಮೆಯೂ ಆಗಿತ್ತಂತೆ. ಆದರೂ ಆ ದಿನ ನೆನೆದರೆ ಈಗಲೂ ಅಳುತ್ತಾಳೆ. ಯಾಕೆ ಹೀಗೆ?
- ಹೆಸರು ಬೇಡ, ಹಾಸನ

ಉತ್ತರ: ಮೊದಲು ಅತ್ತೆಯವರ ಭಯದ ಮಾತು. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಜಾಸ್ತಿಯಾಗುವುದಿಲ್ಲ, ಇದನ್ನು ಸಾವಿರಾರು ಹೆಂಗಸರ ಮೇಲೆ ನಡೆದ ಅಧ್ಯಯನಗಳು ನೋಡಿವೆ. ವರ್ಷಗಟ್ಟಲೆ ಕಾಡುವ ಸೊಂಟ ನೋವಿಗೂ ಅದು ಕಾರಣವಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು ಅಷ್ಟೇ. ಬಾಣಂತಿಗೆ ಸೊಂಟ ನೋವು ಎಪಿಡ್ಯೂರಲ್ ತಗೊಂಡರೂ ಬರುತ್ತದೆ, ತಗೊಳ್ಳದಿದ್ದರೂ ಬರುತ್ತದೆ.

ಹಾಗಂತ ತೊಂದರೆಯೇ ಇಲ್ಲ ಅನ್ನೋ ಹಾಗಿಲ್ಲ. ಬಿಪಿ ಇಳಿಯಬಹುದು, ಅದಕ್ಕೇ ಕೈಗೆ ಡ್ರಿಪ್ ಹಾಕಿ ಪದೇಪದೇ ಬಿಪಿ ನೋಡುತ್ತಾರೆ. ಮೈ ತುರಿಸಬಹುದು, ಜ್ವರ ಬರಬಹುದು, ಮಗು ಹೊರಬರುವ ಕೊನೆಯ ಹಂತ ಸ್ವಲ್ಪ ಉದ್ದವಾಗಬಹುದು. ನೂರರಲ್ಲಿ ಒಬ್ಬರಿಗೆ ಜೋರು ತಲೆನೋವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದವರಿಗೆ, ರಕ್ತ ತೆಳುವಾಗುವ ಔಷಧಿಯಲ್ಲಿ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಕೊಡುವುದು ಹೀಗೆ: ನೀವು ಬೆನ್ನು ಬಾಗಿಸಿ ಕೂರುತ್ತೀರಿ, ಅನಸ್ತೇಶಿಯಾ ಡಾಕ್ಟರು ಸೊಂಟದ ಹತ್ತಿರ ಮರಗಟ್ಟಿಸಿ ಸೂಜಿ ಹಾಕುತ್ತಾರೆ, ಅದರ ಮೂಲಕ ತುಂಬಾ ಸಣ್ಣ ಒಂದು ಟ್ಯೂಬ್ ಒಳಗೆ ಬಿಟ್ಟು ಸೂಜಿ ತೆಗೆದುಬಿಡುತ್ತಾರೆ, ಹೆರಿಗೆ ಮುಗಿಯುವವರೆಗೂ ಔಷಧಿ ಆ ಟ್ಯೂಬಿನಲ್ಲೇ ಹೋಗುತ್ತಿರುತ್ತದೆ. ಸುಮಾರು 15-20 ನಿಮಿಷದಲ್ಲಿ ನೋವು ಇಳಿಯುತ್ತದೆ. ಸೂಜಿ ಹಾಕುವಾಗ ಹೆರಿಗೆ ನೋವು ಬಂದರೆ ಬಾಯಿಬಿಟ್ಟು ಹೇಳಿ, ಅಲುಗಾಡಬೇಡಿ. ಅವರು ಕಾಯುತ್ತಾರೆ.

ಈಗ ನಿಮ್ಮ ಅಕ್ಕನ ವಿಷಯ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ತುಂಬಾ ಮುಖ್ಯವಾದ್ದು ಅದೇ. ಅವರಿಗೆ ಕೊಟ್ಟಿದ್ದು ಏನು ಅಂತ ಯಾರಾದರೂ ಹೇಳಿದ್ದರಾ? ಕೇಳಿ ಕೊಟ್ಟರಾ, ಅಥವಾ ಸುಮ್ನೆ ಚುಚ್ಚಿದರಾ? ಪಕ್ಕದಲ್ಲಿ ಯಾರಿದ್ದರು? 'ಇಷ್ಟಕ್ಕೆಲ್ಲ ಕಿರುಚಬಾರದು' ಅಂತ ಯಾರಾದರೂ ಗದರಿದರಾ? ಹೆರಿಗೆ ಆದವರನ್ನು ಮಾತಾಡಿಸಿ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದ್ದು ಇದು: ತಾಯಿಗೆ ಸಮಾಧಾನ ಇರುವುದು ನೋವು ಎಷ್ಟು ಇಳಿಯಿತು ಅನ್ನುವುದಕ್ಕಿಂತ ಹೆಚ್ಚಾಗಿ, ತನ್ನ ಮಾತು ಕೇಳಿಸಿಕೊಂಡರಾ, ಜೊತೆಗೆ ಆಸರೆಯಾಗಿ ಯಾರಾದರೂ ಇದ್ದರಾ, ತೀರ್ಮಾನದಲ್ಲಿ ತನಗೂ ಪಾಲಿತ್ತಾ ಅನ್ನುವುದರಲ್ಲಿ. ನೋವು ಪೂರ್ತಿ ತಡೆದುಕೊಂಡು ಹೆತ್ತವರು ಖುಷಿಯಿಂದ ಮನೆಗೆ ಹೋಗುತ್ತಾರೆ, ನೋವೇ ತಿಳಿಯದೆ ಹೆತ್ತವರು ಅಳುತ್ತಾರೆ. ಅಕ್ಕನ ಹತ್ತಿರ ಕೂತು ಆ ದಿನ ಏನಾಯಿತು ಅಂತ ಕೇಳಿ. ಮಗು ಚೆನ್ನಾಗಿದೆಯಲ್ಲ, ಬಿಡು ಅನ್ನಬೇಡಿ. ಅಳು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ನೀವು ಮುಂದಿನ ಚೆಕಪ್‌ನಲ್ಲೇ ಕೇಳಿ: ರಾತ್ರಿ ಹೊತ್ತೂ ಅನಸ್ತೇಶಿಯಾ ಡಾಕ್ಟರು ಸಿಗುತ್ತಾರಾ, ಖರ್ಚೆಷ್ಟು? ಲೇಬರ್ ರೂಮಿನಲ್ಲಿ ಕೇಳಿದರೆ ತಡವಾಗಿರುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಪಿಡ್ಯೂರಲ್ ಇಲ್ಲ. ಹೆಂಡತಿ ಜೊತೆ ಯಾರಾದರೂ ಒಳಗೆ ಇರಬಹುದಾ?
- ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಇರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಜೊತೆಗೊಬ್ಬರು ಇರಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ, ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ 2017ರ 'ಲಕ್ಷ್ಯ' ಕಾರ್ಯಕ್ರಮವೂ ಅದನ್ನೇ ಹೇಳುತ್ತದೆ. ಹೆತ್ತ ಅನುಭವ ಇರುವ ಹೆಂಗಸಾದರೆ ಒಳ್ಳೆಯದು. ಹಾಸಿಗೆಗಳ ನಡುವೆ ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು. ಒಳಗಿದ್ದವರು ಸುಮ್ಮನೆ ನಿಲ್ಲುವುದು ಬೇಡ. ನೋವು ಬಂದಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯಲಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆ ಇಡಲಿ, ನೋವು ಬಿಟ್ಟಾಗ ನಡೆಸಲಿ. ನರ್ಸ್ ಬೇಡ ಅನ್ನದಿದ್ದರೆ ಗುಟುಕು ನೀರು ಕೊಡಲಿ. ಹೀಗೆ ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯೂ ಸ್ವಲ್ಪ ಬೇಗ ಆಗುತ್ತದೆ. ಬಿಡಲ್ಲ ಅಂದರೆ ವಾರ್ಡಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ದಿನ ತುಂಬುವ ಮೊದಲೇ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯ ವೈದ್ಯಾಧಿಕಾರಿ ಹತ್ತಿರ ಮಾತಾಡಿ, ಯಾರು ಜೊತೆಗಿರುತ್ತಾರೆ ಅಂತ ತಿಳಿಸಿಬಿಡಿ.