ಓದುಗರ ಪ್ರಶ್ನೆ: ಭೂತಬಂಗಲೆಯ ಆಟ ಅರ್ಧದಲ್ಲಿ ನಿಲ್ಲುವುದೇಕೆ?

ಪ್ರಶ್ನೆ: ಅಣ್ಣ ‘ಬಿಟ್ರೇಯಲ್ ಅಟ್ ಹೌಸ್ ಆನ್ ದ ಹಿಲ್’ ಎಂಬ ಬೋರ್ಡ್ ಆಟದ ಎರಡನೇ ಆವೃತ್ತಿ ತಂದಿದ್ದಾನೆ. ಐದು ಮಂದಿ ಆಡುತ್ತೇವೆ. ಕೋಣೆ ಹುಡುಕುವವರೆಗೆ ಗಮ್ಮತ್ತು, ಹಾಂಟ್ (ಸಾಮಾನ್ಯವಾಗಿ ಆಟಗಾರರಲ್ಲೊಬ್ಬರು ದ್ರೋಹಿಯಾಗಿ ಉಳಿದವರಿಗೆ ಎದುರು ನಿಲ್ಲುವ ಎರಡನೇ ಘಟ್ಟ) ಶುರುವಾದ ಕೂಡಲೇ ಗೊಂದಲ. ಪುಸ್ತಕ ಓದುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಯೂಟ್ಯೂಬಿನಲ್ಲಿ ಹೇಳುವ ದಾಳದ ಲೆಕ್ಕವೂ ಕೂಡಿ ಬರುವುದಿಲ್ಲ.
(ಓದುಗರು, ಬದಿಯಡ್ಕ)

ಉತ್ತರ: ನೀವು ನೋಡಿದ್ದು 2022ರ ಮೂರನೇ ಆವೃತ್ತಿಯ ವಿಡಿಯೊ ಇರಬೇಕು. ಅದರಲ್ಲಿ ಎಷ್ಟು ಓಮನ್ (ಅಪಶಕುನ) ಕಾರ್ಡ್ ಬಂದಿದೆಯೋ ಅಷ್ಟು ದಾಳ ಹಾಕಿ, ಮೊತ್ತ 5 ಅಥವಾ ಹೆಚ್ಚಾದರೆ ಹಾಂಟ್. 2010ರ ನಿಮ್ಮ ಆವೃತ್ತಿಯಲ್ಲಿ ಓಮನ್ ತೆಗೆದವರು ತಮ್ಮ ಸರದಿಯ ಕೊನೆಗೆ 6 ದಾಳ ಹಾಕಬೇಕು. ಮೊತ್ತ ಹೊರಬಂದ ಓಮನ್‌ಗಳ ಸಂಖ್ಯೆಗಿಂತ ಕಡಿಮೆಯಾದರೆ ಹಾಂಟ್. ದಾಳದಲ್ಲಿರುವುದು 0, 1, 2 ಮಾತ್ರ. ಲೆಕ್ಕ ಹಾಕಿದರೆ ಮೂರನೇ ಓಮನ್‌ಗೆ ಹಾಂಟ್ ಆಗುವ ಸಾಧ್ಯತೆ ನೂರಕ್ಕೆ 4ರಷ್ಟೂ ಇಲ್ಲ. ಆರನೆಯದು ಬರುವಷ್ಟರಲ್ಲಿ ಹತ್ತರಲ್ಲಿ ಆರು ಆಟಗಳಲ್ಲಿ ಅದು ಶುರುವಾಗಿರುತ್ತದೆ. ಹಾಗಾಗಿ ನಾಲ್ಕನೇ ಓಮನ್ ಬಂದಾಗಲೇ ತಯಾರಾಗಿ.

ಹೇಗೆಂದರೆ, ಇಂಗ್ಲಿಷ್ ಸಲೀಸಾಗಿ ಓದಬಲ್ಲ ಇಬ್ಬರನ್ನು ಮೊದಲೇ ಗೊತ್ತು ಮಾಡಿ. ಒಬ್ಬರೇ ಆದರೆ, ಅವರೇ ದ್ರೋಹಿಯಾಗಿಬಿಟ್ಟಾಗ ಉಳಿದವರಿಗೆ ಓದುವವರಿಲ್ಲ. ಹಾಂಟ್ ಎಬ್ಬಿಸಿದವರೇ ದ್ರೋಹಿ ಎಂದುಕೊಳ್ಳಬೇಡಿ; ಓಮನ್ ಮತ್ತು ಕೋಣೆಯ ಹೆಸರು ಹಿಡಿದು ಕೋಷ್ಟಕ ನೋಡಿದರೆ ಹಾಂಟ್‌ನ ಸಂಖ್ಯೆಯೂ ದ್ರೋಹಿ ಯಾರೆಂಬುದೂ ಸಿಗುತ್ತದೆ. ದ್ರೋಹಿ ತನ್ನ ಪುಸ್ತಕ ಹಿಡಿದು ಚಾವಡಿಗೋ ಜಗಲಿಗೋ ಹೋಗಲಿ. ಒಳಗಿದ್ದವರು ತಮ್ಮ ಪುಸ್ತಕ ತೆರೆದು ಮೊದಲು ‘ಈಗಲೇ ಮಾಡಬೇಕಾದ್ದು’ ಎಂಬ ಭಾಗ ಓದಿ, ಗೊಂಬೆ, ಟೋಕನ್ ಇಟ್ಟುಬಿಡಿ. ಆಮೇಲೆ ಗೆಲ್ಲುವುದು ಹೇಗೆ, ಅದಕ್ಕೆ ಪಾತ್ರದ ಯಾವ ಗುಣದ (ವೇಗ, ಬಲ ಇತ್ಯಾದಿ) ದಾಳ ಹಾಕಬೇಕು, ಎಷ್ಟು ಬರಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆಯಿರಿ. ಮಲಯಾಳ, ತುಳು, ಕನ್ನಡ ಕಲೆಯುವ ನಮ್ಮ ಕೂಟಗಳಲ್ಲಿ ಪ್ರತಿಯೊಬ್ಬರಿಗೂ ಬಿಡಿಸಿ ಹೇಳುವುದರಲ್ಲೇ ಹೊತ್ತು ಹೋಗುವುದು. ಚೀಟಿ ಇದ್ದರೆ ಆ ಕಷ್ಟ ಅರ್ಧ ಕಡಿಮೆ. ಗೆದ್ದ ಮೇಲೆ ಓದುವ ಭಾಗವನ್ನು ಮುಂಚೆ ಓದಬೇಡಿ, ರುಚಿಯೇ ಹೋಗುತ್ತದೆ.

ದ್ರೋಹಿ ಮರಳಿದ ಮೇಲೆ ಅವರ ಎಡಗಡೆಯವರಿಂದ ಆಟ ಮುಂದುವರಿಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ದ್ರೋಹಿಯ ಸರದಿ ಕೊನೆಗೆ, ಅದರ ಬೆನ್ನಿಗೇ ರಾಕ್ಷಸರದ್ದು. ಇನ್ನೊಂದು, ಹಾಂಟ್‌ಗೆ ಮೊದಲು ಯಾರೂ ಸಾಯುವುದಿಲ್ಲ. ಎಷ್ಟೇ ಪೆಟ್ಟಾದರೂ ಗುಣದ ಅಂಕೆ ಸಾವನ್ನು ಸೂಚಿಸುವ ಬುರುಡೆ ಚಿಹ್ನೆಗೆ ಇಳಿಯದು.

ಪ್ರಶ್ನೆ: ಪಾತ್ರದ ಹಲಗೆಯ ಪ್ಲಾಸ್ಟಿಕ್ ಕ್ಲಿಪ್ ಜಾರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಕೋಣೆಯ ಚೌಕಗಳೂ ಬಾಗುತ್ತವೆ.
(ಓದುಗರು, ಉಪ್ಪಳ)

ಉತ್ತರ: ಎರಡನೇ ಆವೃತ್ತಿಯ ಕ್ಲಿಪ್‌ಗಳ ಬಗ್ಗೆ ಎಲ್ಲರದ್ದೂ ಇದೇ ದೂರು. ಒತ್ತಿ ಬಿಗಿ ಮಾಡಲು ಹೋದರೆ ಹಲಗೆಯ ಅಂಚು ಕೀಳುತ್ತದೆ. ಕ್ಲಿಪ್ ತೆಗೆದಿಟ್ಟು ವೇಗ, ಬಲ, ಮನೋಸ್ಥೈರ್ಯ, ಜ್ಞಾನ ಎಂದು ನಾಲ್ಕು ಸಾಲು ಕಾಗದದಲ್ಲಿ ಹಾಕಿ, ಪಾತ್ರದ ಅಂಕೆಗಳನ್ನು ನಕಲಿಸಿ, ಅವುಗಳ ಮೇಲೆ ಮಂಜೊಟ್ಟಿ ಕಾಳು ಸರಿಸುತ್ತ ಹೋಗಿ. ಚೌಕಗಳು ಬಾಗುವುದು ರಟ್ಟು ತೇವ ಹೀರುವುದರಿಂದ. ಆಟ ಮುಗಿದ ಕೂಡಲೇ ಒಟ್ಟಿಗೆ ಜೋಡಿಸಿ, ರಬ್ಬರ್ ಬ್ಯಾಂಡ್ ಸಡಿಲವಾಗಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಿಸಿಲಿಗೆ ಒಣಗಿಸಬೇಡಿ, ಒಂದೇ ಬದಿ ಬೇಗ ಒಣಗಿ ಇನ್ನೂ ಬಾಗುತ್ತದೆ.

ಪ್ರಶ್ನೆ: ಇಬ್ಬರೇ ಆಡಬಹುದೇ?
(ಓದುಗರು, ಮಂಜೇಶ್ವರ)

ಉತ್ತರ: ಆಗದು. ಕನಿಷ್ಠ 3, ಗರಿಷ್ಠ 6. ನಾಲ್ಕೈದು ಮಂದಿ ಇದ್ದಾಗಲೇ ಇದರ ನಿಜವಾದ ಕಳೆ.