ಮನೇಲೇ ಕಾರ್ಬನ್ ಟ್ರಾನ್ಸ್‌ಫರ್ ಪ್ರಿಂಟ್ ಮಾಡೋಕಾಗುತ್ತಾ, ಅದೂ ನಮ್ಮ ಸೆಖೇಲಿ?

ಆಗುತ್ತೆ. ಕಾರ್ಬನ್ ಟ್ರಾನ್ಸ್‌ಫರ್ ಅಂದ್ರೆ ಬೆಳ್ಳಿ ಬದ್ಲು ಮಸಿ ಕಲಸಿದ ಜೆಲಾಟಿನ್ನಲ್ಲಿ (ಜೆಲ್ಲಿ ಮಾಡೋಕೆ ಹಾಕೋ ವಸ್ತು) ಫೋಟೋ ಪ್ರಿಂಟ್ ಮಾಡೋ ಹಳೇ ವಿಧಾನ. ನೀವು ಕೇಳಿರೋದ್ರಲ್ಲಿ ಮುಖ್ಯವಾಗಿ ಮೂರು ಪ್ರಶ್ನೆ ಇದೆ, 35 ಎಂಎಂ ನೆಗೆಟಿವ್ ಸಾಕಾ, ಡಾರ್ಕ್‌ರೂಮ್ ಇಲ್ದೆ ನಡೆಯುತ್ತಾ, ಬೆಂಗ್ಳೂರಿನ ಏಪ್ರಿಲ್ ಬಿಸಿಲಿಗೆ ಜೆಲಾಟಿನ್ ತಡ್ಕೊಳ್ಳುತ್ತಾ ಅಂತ. ಮೊದಲೆರಡಕ್ಕೆ ಏನಾದ್ರೂ ದಾರಿ ಇದೆ. ಮೂರನೇದಕ್ಕೆ ನನ್ನ ಉತ್ತರ ಏನಂದ್ರೆ ಏಪ್ರಿಲ್‌ನಲ್ಲಿ ಶುರು ಮಾಡ್ಲೇಬೇಡಿ. ನಾನಿರೋದು ಮೈಸೂರಲ್ಲಿ, ದೀಪಾವಳಿ ಕಳೆದ್ಮೇಲೆ ಶುರು ಮಾಡಿ ಶಿವರಾತ್ರಿ ಹೊತ್ತಿಗೆ ಎತ್ತಿಟ್ಬಿಡ್ತೀನಿ, ಮಿಕ್ಕಿದ್ ತಿಂಗಳೆಲ್ಲ ನೆಗೆಟಿವ್ ರೆಡಿ ಮಾಡ್ಕೊಳ್ಳೋದೇ ಕೆಲಸ. ಯೂಟ್ಯೂಬಲ್ಲಿ ಇದನ್ನ ತೋರ್ಸೋರು ಹೆಚ್ಚಾಗಿ ಇಂಗ್ಲೆಂಡ್ ಅಮೆರಿಕದವರು, ಅವ್ರು "ತಣ್ಣೀರಲ್ಲಿ ನೆನೆಸಿ" ಅಂತ ಒಂದೇ ಮಾತಲ್ಲಿ ಹೇಳಿ ಮುಂದಕ್ಕೆ ಹೋಗ್ಬಿಡ್ತಾರೆ, ನಮ್ಗೆ ಇಡೀ ಕಷ್ಟ ಇರೋದೇ ಆ ಮಾತಲ್ಲಿ.

ಮೊದ್ಲು ಇದು ನಡೆಯೋದು ಹೇಗೆ ಅಂತ ಗೊತ್ತಿದ್ರೆ ಮುಂದಿಂದು ತಾನೇ ಅರ್ಥ ಆಗುತ್ತೆ. ಮಾಮೂಲಿ ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟಲ್ಲಿ ಚಿತ್ರ ಅಂದ್ರೆ ಬೆಳ್ಳಿ. ಇದ್ರಲ್ಲಿ ಬೆಳ್ಳಿ ಇಲ್ಲ, ಮಸಿ ಕಲಸಿದ ಜೆಲಾಟಿನ್ನೇ ಚಿತ್ರ. ಜೆಲಾಟಿನ್‌ಗೆ ಡೈಕ್ರೋಮೇಟ್ ಅನ್ನೋ ಕೆಮಿಕಲ್ ಸೇರ್ಸಿ ನೆಗೆಟಿವ್ ಮೂಲಕ ಯುವಿ ಬೆಳಕಿಗೆ ಹಿಡಿದ್ರೆ ಬೆಳಕು ಬಿದ್ದಷ್ಟು ಆಳಕ್ಕೆ ಗಟ್ಟಿಯಾಗುತ್ತೆ, ಗಟ್ಟಿಯಾದದ್ದು ಬಿಸಿನೀರಲ್ಲಿ ಕರಗಲ್ಲ, ಮಿಕ್ಕಿದ್ದು ಕರಗಿ ಹೋಗುತ್ತೆ. ಫ್ರಾನ್ಸ್‌ನ ಅಲ್ಫೋನ್ಸ್ ಪೊಯಿಟವ್ಯಾಂ 1855ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡ, ಆದ್ರೆ ಅವನ ಪ್ರಿಂಟಲ್ಲಿ ತಿಳಿಯಾದ ಟೋನ್‌ಗಳು ನಿಲ್ತಿರ್ಲಿಲ್ಲ. ಯಾಕಂದ್ರೆ ಬೆಳಕು ಬೀಳೋದು ಮೇಲಿಂದ, ಗಟ್ಟಿಯಾಗೋದೂ ಮೇಲಿಂದ. ಮೋಡ, ಬಿಳಿ ಪಂಚೆ, ಮುಖದ ಮೇಲಿನ ಹೊಳಪು ಇಂಥ ಜಾಗದಲ್ಲೆಲ್ಲ ಬರೀ ಮೇಲ್ಪದರ ಗಟ್ಟಿಯಾಗಿ ಅದ್ರ ಕೆಳಗೆ ಹಸಿ ಜೆಲಾಟಿನ್ ಹಾಗೇ ಇರುತ್ತೆ, ಬಿಸಿನೀರಿಗೆ ಹಾಕಿದ್ ತಕ್ಷಣ ಕೆಳಗಿಂದು ಕರಗಿ ಮೇಲಿಂದೂ ತೇಲ್ಕೊಂಡು ಹೋಗುತ್ತೆ. 1864ರಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ (ಹೌದು, ಎಲೆಕ್ಟ್ರಿಕ್ ಬಲ್ಬಿನ ಸ್ವಾನ್ನೇ) ಇದಕ್ಕೆ ಪರಿಹಾರ ಕೊಟ್ಟ, ಬೆಳಕು ಬಿದ್ದ ಮುಖವನ್ನ ಇನ್ನೊಂದು ಪೇಪರಿಗೆ ಅಂಟಿಸಿ, ಹಳೇ ಪೇಪರನ್ನ ಹಿಂದಿನಿಂದ ಕಿತ್ತು, ಹಿಂಬದಿಯಿಂದ ತೊಳಿ ಅಂತ. ಟ್ರಾನ್ಸ್‌ಫರ್ ಅನ್ನೋದು ಅದೇ. ಆಮೇಲೆ ಲಂಡನ್ನಿನ ಆಟೋಟೈಪ್ ಕಂಪನಿ ಇದಕ್ಕೆ ಬೇಕಾದ ಟಿಶ್ಯೂನ ರೆಡಿಮೇಡ್ ಮಾಡಿ ಮಾರ್ತಿತ್ತು. ಈಗ ನಮ್ಗೆ ರೆಡಿಮೇಡ್ ತರಿಸೋದು ತಲೆನೋವು, ಕೈಯಲ್ಲೇ ಮಾಡ್ಕೊಳ್ಳೋದು ಸುಲಭ.

ಟಿಶ್ಯೂ ಅಂದ್ರೆ ಮಸಿ ಜೆಲಾಟಿನ್ ಬಳಿದ ದಪ್ಪ ಪೇಪರ್, ಅಷ್ಟೇ. ಅರ್ಧ ಲೀಟರ್ ನೀರಿಗೆ 250 ಬ್ಲೂಮ್ (ಜೆಲಾಟಿನ್ ಎಷ್ಟು ಗಟ್ಟಿ ಅನ್ನೋ ಅಳತೆ) ಜೆಲಾಟಿನ್ 50 ಗ್ರಾಂ ಹಾಕಿ ತಣ್ಣೀರಲ್ಲೇ ಅರ್ಧ ಗಂಟೆ ಉಬ್ಬೋಕೆ ಬಿಡಿ, ಆಮೇಲೆ ಪಾತ್ರೆನ ಬಿಸಿನೀರಲ್ಲಿಟ್ಟು 45-50 ಡಿಗ್ರಿಗೆ ಕರಗಿಸಿ, ಸಕ್ಕರೆ 20-25 ಗ್ರಾಂ ಸೇರ್ಸಿ, ಇಂಡಿಯನ್ ಇಂಕ್ 10 ಎಂಎಲ್ ಹಾಕಿ. ಕುದಿಸ್ಬೇಡಿ, ಕುದಿಸಿದ್ರೆ ಜೆಲಾಟಿನ್ ಶಕ್ತಿ ಹೋಗುತ್ತೆ. ಸಕ್ಕರೆ ಯಾಕೆ ಅಂದ್ರೆ ಅದಿಲ್ಲಾಂದ್ರೆ ಒಣಗಿದ್ಮೇಲೆ ಟಿಶ್ಯೂ ಹಪ್ಪಳದ ಥರ ಮುರಿಯುತ್ತೆ. ಮಸ್ಲಿನ್ ಬಟ್ಟೇಲಿ ಸೋಸಿ ಒಂದೆರಡು ಗಂಟೆ ಬೆಚ್ಚಗೇ ಇಟ್ರೆ ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯುತ್ತೆ. ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿದ ಗಾಜಿನ ಮೇಲೆ ಒದ್ದೆ ಪೇಪರ್ ಹಾಸಿ ಅದ್ರ ಮೇಲೆ ಸುರಿದು ಬಾಚಣಿಗೆ ಹಿಡ್ಕೊಂಡು ಹರಡೋದು, 8 ಬೈ 10 ಇಂಚಿಗೆ ಸುಮಾರು 50 ಎಂಎಲ್ ಹಾಕಿದ್ರೆ ಒಂದು ಮಿಲಿಮೀಟರ್ ದಪ್ಪ ಬರುತ್ತೆ. ಇಲ್ಲೇ ಸೆಖೆ ಮೊದಲ್ನೇ ಸಲ ಕಾಟ ಕೊಡೋದು. ಡಿಸೆಂಬರ್ ರಾತ್ರಿ ಹತ್ತು ನಿಮಿಷಕ್ಕೆಲ್ಲ ಗಟ್ಟಿಯಾಗಿ ಎತ್ತಿ ತಂತಿಗೆ ನೇತುಹಾಕ್ಬೋದು, ಮೇ ತಿಂಗಳಲ್ಲಿ ರೂಮೇ 32 ಡಿಗ್ರಿ ಇದ್ದಾಗ ಜೆಲಾಟಿನ್ ಸೆಟ್ಟೇ ಆಗಲ್ಲ, ಒಂದು ಮೂಲೆಗೆ ಹರ್ಕೊಂಡು ಹೋಗಿ ಅಲ್ಲಿ ದಪ್ಪ ಇಲ್ಲಿ ತೆಳು.

ಸಸ್ಯಾಹಾರಿ ಮನೆ ಅಂತ ಬರ್ದಿದೀರಿ, ಚೈನಾ ಗ್ರಾಸ್ ಹಾಕ್ಬೋದಾ ಅಂತ. ಆಗಲ್ಲ. ಚೈನಾ ಗ್ರಾಸ್ ಕರಗೋಕೆ 85 ಡಿಗ್ರಿ ಬೇಕು, ನಮ್ ಕೆಲಸ ನಡೆಯೋದು 40ರ ಆಸುಪಾಸಲ್ಲಿ, ಅಷ್ಟಕ್ಕೆ ಅದು ಅಲ್ಲಾಡೋದೂ ಇಲ್ಲ. ಜೆಲಾಟಿನ್ ಮೂಳೆ ಚರ್ಮದಿಂದ ಬರೋದು, ಅದನ್ನ ಅಮ್ಮಂಗೆ ಮೊದಲೇ ಹೇಳ್ಬಿಟ್ಟು ಪಾತ್ರೆ, ಸೌಟು, ತಕ್ಕಡಿ ಎಲ್ಲಾ ಬೇರೆ ಇಟ್ಕೊಳ್ಳಿ, ಅಡುಗೆ ಮನೆಗೆ ವಾಪಸ್ ಹೋಗ್ಬಾರ್ದು. ಮಡಿ ಮೈಲಿಗೆ ಅಂತಲ್ಲ, ಮುಂದೆ ಬರೋ ಕೆಮಿಕಲ್ ಕಾರಣಕ್ಕೆ. ಇನ್ನೊಂದು, ಮನೇಲಿ ಮಾಡಿದ ಕಾಡಿಗೆನ ಮಸಿ ಬದ್ಲು ಹಾಕೋಣ ಅಂತ ಯಾರಿಗಾದ್ರೂ ಅನ್ಸುತ್ತೆ, ಎಷ್ಟಾದ್ರೂ ಅದೂ ದೀಪದ ಮಸಿನೇ ತಾನೇ ಅಂತ. ಅದ್ರಲ್ಲಿ ಹರಳೆಣ್ಣೆನೋ ತುಪ್ಪನೋ ಇರುತ್ತೆ, ಎಣ್ಣೆ ಅಂಶ ಇದ್ರೆ ಜೆಲಾಟಿನ್ ಜೊತೆ ಬೆರೆಯಲ್ಲ, ಮುಂದೆ ಪೇಪರಿಗೂ ಅಂಟಲ್ಲ.

ಇನ್ನು ಡೈಕ್ರೋಮೇಟ್. ಇದನ್ನ ಹಗುರವಾಗಿ ತಗೋಬೇಡಿ, ಇದು ಕ್ಯಾನ್ಸರ್ ತರೋ ವಸ್ತು, ಚರ್ಮಕ್ಕೆ ತಾಗ್ತಾ ತಾಗ್ತಾ ಅಲರ್ಜಿ ಶುರುವಾದ್ರೆ ಆಮೇಲೆ ಬಿಡೋದೇ ಇಲ್ಲ. ನೈಟ್ರೈಲ್ ಗ್ಲೌಸ್ ಹಾಕಿ, ಪುಡಿ ತೂಗುವಾಗ ಮಾಸ್ಕ್ ಹಾಕಿ ಫ್ಯಾನ್ ಆಫ್ ಮಾಡಿ, ಮನೇಲಿ ಚಿಕ್ಕ ಮಕ್ಕಳಿದ್ರೆ ಈ ಹವ್ಯಾಸನೇ ಬೇಡ ಅಂತೀನಿ. ಉಳಿದ ದ್ರಾವಣನ ಮೋರಿಗೆ ಸುರೀಬೇಡಿ. ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದ್ರೆ ಕಿತ್ತಳೆ ಬಣ್ಣ ಹೋಗಿ ಹಸಿರಾಗುತ್ತೆ, ಅಂದ್ರೆ ವಿಷದ ರೂಪ ಅಷ್ಟು ವಿಷ ಅಲ್ಲದ ರೂಪಕ್ಕೆ ಬಂತು ಅಂತ, ಅದನ್ನೂ ಕ್ಯಾನಲ್ಲಿ ಕೂಡಿಟ್ಟು ಪರಿಚಯದ ಕಾಲೇಜ್ ಲ್ಯಾಬಿಗೆ ಕೊಡಿ. ಪೊಟ್ಯಾಸಿಯಂ ಡೈಕ್ರೋಮೇಟ್ 2-3 ಪರ್ಸೆಂಟ್ ದ್ರಾವಣ ಮಾಡಿ ಟಿಶ್ಯೂನ ಮೂರು ನಿಮಿಷ ಮುಳುಗಿಸಿ ಕತ್ಲಲ್ಲಿ ಒಣಗಿಸೋದು. ದ್ರಾವಣ 18 ಡಿಗ್ರಿ ಒಳಗೆ ಇರ್ಲೇಬೇಕು, ಇಲ್ಲಾಂದ್ರೆ ಟ್ರೇನಲ್ಲೇ ಜೆಲಾಟಿನ್ ಮೆತ್ತಗಾಗಿ ಜಾರಕ್ಕೆ ಶುರುವಾಗುತ್ತೆ, ಐಸ್ ತುಂಬಿದ ದೊಡ್ಡ ಟ್ರೇ ಒಳಗೆ ಚಿಕ್ಕ ಟ್ರೇ ಇಡಿ. ಪರ್ಸೆಂಟ್ ಜಾಸ್ತಿ ಮಾಡಿದ್ರೆ ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ಅಂತರ) ಕಮ್ಮಿ, ಕಮ್ಮಿ ಮಾಡಿದ್ರೆ ಕಾಂಟ್ರಾಸ್ಟ್ ಜಾಸ್ತಿ, ಪೇಪರ್ ಗ್ರೇಡ್ ಬದ್ಲಾಯ್ಸೋ ಬದ್ಲು ಇಲ್ಲಿ ಇದನ್ನ ಬದ್ಲಾಯ್ಸ್ತೀವಿ. ಟಿಶ್ಯೂ ಒದ್ದೆ ಇದ್ದಾಗ ಬೆಳಕಿಗೆ ಅಷ್ಟಾಗಿ ಅಂಜಲ್ಲ, ಒಣಗ್ತಾ ಬಂದ ಹಾಗೆ ಸೂಕ್ಷ್ಮ ಆಗುತ್ತೆ, ಆದ್ರೂ ಮಂಕು ಹಳದಿ ಬಲ್ಬ್ ಏನೂ ಮಾಡಲ್ಲ, ಕಿಟಕಿಗೆ ದಪ್ಪ ಪರದೆ ಇದ್ರೆ ಮಾಮೂಲಿ ಬೆಡ್‌ರೂಮೇ ಸಾಕು. ಡಾರ್ಕ್‌ರೂಮ್ ಪ್ರಶ್ನೆ ಅಲ್ಲಿಗೆ ಮುಗೀತು. ಆದ್ರೆ ಒಣಗಿದ್ ದಿನಾನೇ ಬಳಸಿ, ಕತ್ಲಲ್ಲಿಟ್ರೂ ಅದು ತನ್ನಷ್ಟಕ್ಕೆ ಗಟ್ಟಿಯಾಗ್ತಾ ಹೋಗುತ್ತೆ, ಸೆಖೆ ಮತ್ತೆ ತೇವ ಇದ್ರೆ ಇನ್ನೂ ಬೇಗ. ಮಂಗಳೂರಿನವ್ರು ಯಾರಾದ್ರೂ ಓದ್ತಿದ್ರೆ ಎಸಿ ರೂಮ್ ನೋಡ್ಕೊಳ್ಳಿ, ಬೇರೆ ದಾರಿ ಇಲ್ಲ.

ನೆಗೆಟಿವ್ ವಿಷ್ಯ. ಇದು ಕಾಂಟ್ಯಾಕ್ಟ್ ಪ್ರಿಂಟ್, ನೆಗೆಟಿವ್ ಎಷ್ಟಿದೆಯೋ ಪ್ರಿಂಟ್ ಅಷ್ಟೇ. 35 ಎಂಎಂ ಇಟ್ರೆ ಅಂಚೆ ಚೀಟಿ ಸೈಜ್ ಬರುತ್ತೆ. ಎನ್‌ಲಾರ್ಜರ್ (ನೆಗೆಟಿವ್‌ನ ದೊಡ್ಡದಾಗಿ ಬೀಳ್ಸೋ ಯಂತ್ರ) ಇದ್ರೆ ದೊಡ್ಡ ಶೀಟ್ ಫಿಲ್ಮ್ ಮೇಲೆ ಮೊದ್ಲು ಪಾಸಿಟಿವ್ ಮಾಡಿ, ಅದ್ರಿಂದ ಕಾಂಟ್ಯಾಕ್ಟಲ್ಲಿ ನೆಗೆಟಿವ್ ಮಾಡ್ಕೋಬೇಕು, ಕಮ್ಮಿ ಖರ್ಚಲ್ಲಿ ಆಗ್ಬೇಕಂದ್ರೆ ಆಸ್ಪತ್ರೆ ಎಕ್ಸ್‌ರೇ ಫಿಲ್ಮ್ ತಗೊಳ್ಳಿ, ಕೆಂಪು ಲೈಟಲ್ಲೇ ಕೆಲಸ ಮಾಡ್ಬೋದು. ನೆಗೆಟಿವ್ ದಪ್ಪಗೆ ಕಪ್ಪಗೆ ಇರ್ಬೇಕು, ಡೆವಲಪ್ ಜಾಸ್ತಿ ಕೊಡಿ, ಮಾಮೂಲಿ ಪೇಪರಿಗೆ ಸರಿಹೋಗೋ ನೆಗೆಟಿವ್ ಇಲ್ಲಿ ಸಪ್ಪೆ ಬರುತ್ತೆ. ಒಂದೇ ಸಲ ಟ್ರಾನ್ಸ್‌ಫರ್ ಮಾಡಿದ್ರೆ ಚಿತ್ರ ಎಡ ಬಲ ಉಲ್ಟಾ ಆಗುತ್ತೆ, ಅಂಗಡಿ ಬೋರ್ಡ್ ಇದ್ರೆ ಅಕ್ಷರ ಕನ್ನಡೀಲಿ ನೋಡ್ಬೇಕು, ಅದಕ್ಕೆ ನೆಗೆಟಿವ್‌ನ ತಿರುವಿ ಹಾಕೋದು. ಎಕ್ಸ್‌ರೇ ಫಿಲ್ಮಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಎಮಲ್ಷನ್ (ಚಿತ್ರ ಮೂಡೋ ಲೇಪ) ಇರೋದ್ರಿಂದ ಯಾವ ಕಡೆ ಹಾಕಿದ್ರೂ ಶಾರ್ಪ್‌ನೆಸ್ ಒಂದೇ. ನೆಗೆಟಿವ್ ಸುತ್ತ ಅರ್ಧ ಸೆಂಟಿಮೀಟರ್ ಕಪ್ಪು ಟೇಪ್ ಮರೀದೆ ಅಂಟಿಸಿ. ಆ ಅಂಚು ಗಟ್ಟಿಯಾಗದೆ ಕರಗಿ ಹೋಗ್ಬೇಕು, ಇಲ್ಲಾಂದ್ರೆ ಪೇಪರ್ ಕೀಳುವಾಗ ಚಿತ್ರದ ಅಂಚೇ ಎದ್ದು ಬರುತ್ತೆ.

ಇನ್ನು ಒಣಗಿದ ಟಿಶ್ಯೂ ಮೇಲೆ ನೆಗೆಟಿವ್ ಇಟ್ಟು, ಮೇಲೆ ಗಾಜು ಒತ್ತಿ ಬೆಳಕಿಗೆ ಹಿಡಿಯೋದು. ಬೆಳಕಿಗೆ ನಮ್ಮ ಬಿಸಿಲೇ ಸಾಕು ಅನ್ಸುತ್ತೆ, ಯುವಿಗೇನೂ ಬರ ಇಲ್ಲ, ಆದ್ರೆ ಗಾಜಿನ ಕೆಳಗೆ ಕಾದು ಟಿಶ್ಯೂ ನೆಗೆಟಿವ್‌ಗೇ ಅಂಟ್ಕೊಳ್ಳೋ ಅಪಾಯ ಇದೆ, ನಡುವೆ ತೆಳು ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್) ಶೀಟ್ ಹಾಕಿ. ನನಗೆ ಇಷ್ಟ ಆಗೋದು ಬೇಕರಿ ಸ್ವೀಟ್ ಅಂಗಡೀಲಿ ನೊಣ ಹಿಡಿಯೋಕೆ ನೇತುಹಾಕಿರ್ತಾರಲ್ಲ, ಆ ಮೆಷಿನ್ನಿನ ಟ್ಯೂಬ್, 368 ನ್ಯಾನೋಮೀಟರ್ ಹತ್ರದ ಯುವಿ ಕೊಡುತ್ತೆ, ಬಿಸಿ ಕಮ್ಮಿ, ಬಿಡಿಯಾಗೂ ಸಿಗುತ್ತೆ. ವಾಟರ್ ಪ್ಯೂರಿಫೈಯರ್ ಒಳಗಿರೋ ಯುವಿ ಟ್ಯೂಬ್ ಮಾತ್ರ ಬೇಡವೇ ಬೇಡ, ಅದು 254 ನ್ಯಾನೋಮೀಟರ್‌ದು, ಕಣ್ಣು ಚರ್ಮ ಎರಡೂ ಹಾಳು.

ಈಗ ಅಸಲಿ ಘಟ್ಟ. ಟಿಶ್ಯೂನೂ ಹೊಸ ಪೇಪರನ್ನೂ 15-18 ಡಿಗ್ರಿ ನೀರಲ್ಲಿ ನೆನೆಸಿ ಮುಖಕ್ಕೆ ಮುಖ ಜೋಡಿಸ್ಬೇಕು. ಮಧ್ಯಾಹ್ನ ಸಿಂಟೆಕ್ಸ್ ಟ್ಯಾಂಕಿಂದ ಬರೋ ನೀರನ್ನ ಸ್ನಾನಕ್ಕೇ ಕಾಯಿಸೋದು ಬೇಡ, ಅಂಥ ನೀರಿಗೆ ಇದನ್ನ ಹಾಕಿದ್ರೆ ಕತೆ ಮುಗೀತು, ಅದಕ್ಕೇ ಐಸು, ಅದಕ್ಕೇ ರಾತ್ರಿ ಹೊತ್ತು. ನೀರಿಗೆ ಬಿದ್ದ ತಕ್ಷಣ ಟಿಶ್ಯೂ ಒಳಮುಖ ಸುರುಳಿ ಸುತ್ಕೊಳ್ಳುತ್ತೆ, ಗಾಬರಿಯಾಗ್ಬೇಡಿ, ಬೆರಳಲ್ಲಿ ಮೇಲಿನ ಗುಳ್ಳೆ ಸವರ್ತಾ ಇರಿ, ಒಂದೆರಡು ನಿಮಿಷಕ್ಕೆ ನಿಧಾನಕ್ಕೆ ಬಿಚ್ಕೊಂಡು ಚಪ್ಪಟೆಯಾಗ್ತಾ ಬರುತ್ತೆ. ಪೂರ್ತಿ ಚಪ್ಪಟೆಯಾಗೋಕೆ ಇನ್ನೊಂಚೂರು ಇದೆ ಅನ್ನೋವಾಗ ನೀರೊಳಗೇ ಪೇಪರ್ ಮೇಲೆ ಕೂರ್ಸಿ ಎರಡನ್ನೂ ಒಟ್ಟಿಗೆ ಎತ್ತಿ ಗಾಜಿನ ಮೇಲೆ ಹಾಕಿ ಕಾರ್ ಗ್ಲಾಸ್ ಒರೆಸೋ ರಬ್ಬರ್ ವೈಪರಲ್ಲಿ ನಡುವಿಂದ ಅಂಚಿಗೆ ಎಳೀರಿ. ಗೋಂದು ಏನೂ ಬೇಡ, ಟಿಶ್ಯೂ ಇನ್ನೂ ನೀರು ಹೀರ್ಬೇಕು ಅಂತ ಇರೋ ಹೊತ್ತಲ್ಲಿ ಪೇಪರನ್ನೇ ಹೀರಿ ಹಿಡ್ಕೊಳ್ಳುತ್ತೆ, ಜಾಸ್ತಿ ನೆನೆಸಿ ಹೊಟ್ಟೆ ತುಂಬಿಸಿಬಿಟ್ರೆ ಹಿಡ್ಕೊಳ್ಳಲ್ಲ. ತೂಕ ಇಟ್ಟು ಇಪ್ಪತ್ತು ನಿಮಿಷ ಬಿಡಿ.

ಆಮೇಲೆ 40-42 ಡಿಗ್ರಿ ನೀರು, ಥರ್ಮಾಮೀಟರ್ ಇಟ್ಟೇ ಮಾಡಿ. ಎರಡು ನಿಮಿಷಕ್ಕೆ ಅಂಚಿಂದ ಕಪ್ಪು ಲೋಳೆ ಸೋರಕ್ಕೆ ಶುರುವಾಗುತ್ತೆ, ಆಗ ಒಂದು ಮೂಲೆ ಹಿಡಿದು ನೀರೊಳಗೇ ಹಿಂದಿನ ಪೇಪರನ್ನ ನಿಲ್ಲಿಸದೆ ಒಂದೇ ಸಮ ಎಳೀರಿ. ಎಳೆದ್ಮೇಲೆ ನೋಡಿದ್ರೆ ಬರೀ ಡಾಂಬರು, ಚಿತ್ರದ ಸುಳಿವೇ ಇರಲ್ಲ. ಕೈಯಲ್ಲಿ ಮುಟ್ಟದೆ ಟ್ರೇ ಅಲ್ಲಾಡಿಸ್ತಾ ಇದ್ರೆ ಮೊದಲು ಆಕಾಶ ತಿಳಿಯಾಗುತ್ತೆ, ಆಮೇಲೆ ಮಧ್ಯದ ಟೋನ್‌ಗಳು, ನೆರಳು ಕೊನೇಲಿ ಬಿಡುತ್ತೆ. ತುಂಬಾ ಕಪ್ಪಾಗಿದ್ರೆ ನೀರು 45ಕ್ಕೆ ಏರ್ಸಿ ಸ್ವಲ್ಪ ತಿಳಿ ಮಾಡ್ಬೋದು. ತಣ್ಣೀರಲ್ಲಿ ಸೆಟ್ ಮಾಡಿ, ಮೆಟಾಬೈಸಲ್ಫೈಟ್ 1 ಪರ್ಸೆಂಟಲ್ಲಿ ಹಳದಿ ಕಲೆ ತೆಗ್ದು, ತೊಳ್ದು, ನೇತುಹಾಕಿ. ಒಣಗಿದ್ಮೇಲೆ ಓರೆ ಬೆಳಕಲ್ಲಿ ನೋಡಿ, ಕಪ್ಪು ಜಾಗ ಉಬ್ಬಿರುತ್ತೆ, ಬಿಳಿ ಜಾಗ ತಗ್ಗು. ಬೇರೆ ಯಾವ ಪ್ರಿಂಟಲ್ಲೂ ಇಷ್ಟು ಚೆನ್ನಾಗಿ ಇದು ಕಾಣಲ್ಲ, ಮೊಬೈಲ್ ಫೋಟೋದಲ್ಲಂತೂ ಕಾಣೋದೇ ಇಲ್ಲ.

ಹೊಸ ಪೇಪರ್ ಯಾವ್ದು ಅಂತ ಹೇಳ್ಲಿಲ್ಲ ಅಲ್ವಾ. ಮೇಲೆ ಗಟ್ಟಿ ಜೆಲಾಟಿನ್ ಪದರ ಇರೋ ಪೇಪರ್ ಬೇಕು, ಅದಕ್ಕೆ ಹಳೇ ಬ್ರೋಮೈಡ್ ಪೇಪರ್ (ಮಾಮೂಲಿ ಬ್ಲ್ಯಾಕ್ ಅಂಡ್ ವೈಟ್ ಫೋಟೋ ಪೇಪರ್) ಬೆಸ್ಟು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವ್ರ "ಇಂದು" ಬ್ರ್ಯಾಂಡ್ ಪೇಪರ್ ಡಬ್ಬ ಹಳೇ ಸ್ಟುಡಿಯೋ ಅಟ್ಟದ ಮೇಲೆ ಇದ್ರೂ ಇರ್ಬೋದು, ವಿಚಾರಿಸಿ ನೋಡಿ. ಎಕ್ಸ್‌ಪೈರ್ ಆಗಿ ಬೆಳಕು ತಾಗಿ ಹಾಳಾಗಿದ್ರೂ ಪರ್ವಾಗಿಲ್ಲ, ಡೆವಲಪರ್‌ಗೆ ಹಾಕದೆ ನೇರ ಫಿಕ್ಸರ್‌ಗೆ ಹಾಕಿ ಚೆನ್ನಾಗಿ ತೊಳೆದ್ರೆ ಬೆಳ್ಳಿ ಎಲ್ಲಾ ಹೋಗಿ ಬಿಳಿ ಪೇಪರ್ ಉಳಿಯುತ್ತೆ.

ಕಲರ್‌ದು ಕೇಳಿದ್ರಿ. ಆಗುತ್ತೆ, ಸಯಾನ್ ಮಜೆಂಟಾ ಹಳದಿ ಮೂರು ಟಿಶ್ಯೂ, ಮೂರು ನೆಗೆಟಿವ್, ಒಂದ್ರ ಮೇಲೊಂದು ಟ್ರಾನ್ಸ್‌ಫರ್. ಪ್ರತಿ ಸಲ ಒದ್ದೆಯಾದಾಗ ಪೇಪರ್ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ, ಮೂರೂ ಕೂದಲೆಳೆ ವ್ಯತ್ಯಾಸ ಇಲ್ದೆ ಕೂರ್ಬೇಕು. ಮೊದ್ಲು ಒಂದು ಚಳಿಗಾಲ ಬರೀ ಕಪ್ಪಲ್ಲಿ ಮಾಡಿ, ಅದೂ ಶುರುವಿಗೆ ಫೋಟೋ ಬೇಡ, ಸ್ಟೆಪ್ ವೆಡ್ಜ್ (ತಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿರೋ ಫಿಲ್ಮ್ ಪಟ್ಟಿ) ಇಟ್ಟು ನಿಮ್ಮ ಟಿಶ್ಯೂಗೆ ನಿಮ್ಮ ಟ್ಯೂಬಿಗೆ ಎಷ್ಟು ನಿಮಿಷ ಅಂತ ಬರ್ಕೊಳ್ಳಿ. ನೆಗೆಟಿವ್ ರೆಡಿ ಆದ್ಮೇಲೆ ಏನಾದ್ರೂ ಸಿಕ್ಕಾಕೊಂಡ್ರೆ ಇಲ್ಲೇ ಕಾಮೆಂಟ್ ಹಾಕಿ.