ಹಳೆಯ ಫಿಲ್ಟರಿನ ಸ್ಪಂಜು ಹಾಕಿದರೆ ಹೊಸ ಅಕ್ವೇರಿಯಂಗೆ ಅದೇ ದಿನ ಮೀನು ಬಿಡಬಹುದೇ?

ಬಿಡಬಹುದು. ಆದರೆ ಎಷ್ಟು ಮೀನು ಎಂಬುದು ಹೊಸ ಟ್ಯಾಂಕಿನ ಅಳತೆಯನ್ನು ನೋಡಿ ತೀರ್ಮಾನಿಸುವ ವಿಷಯವಲ್ಲ. ಆ ಸ್ಪಂಜು ಇದುವರೆಗೆ ಎಷ್ಟು ಮೀನುಗಳ ಹೊಲಸನ್ನು ನಿಭಾಯಿಸಿಕೊಂಡು ಬಂದಿದೆಯೋ ಅಷ್ಟಕ್ಕೆ ಮಾತ್ರ ಅದು ಸಾಕಾಗುತ್ತದೆ.

ಉಪ್ಪಳದ ಮನೆಯಲ್ಲಿ ವರ್ಷ ದಾಟಿದ ಎರಡು ಅಡಿಯ ಟ್ಯಾಂಕ್ ಇದೆ, ಈಗ ನಾಲ್ಕು ಅಡಿಯದು ತಂದಿದ್ದೇನೆ, ನೀರು ಬಾವಿಯದು, ಹಳೆಯ ಫಿಲ್ಟರನ್ನು ನಲ್ಲಿಯಡಿ ಚೆನ್ನಾಗಿ ತೊಳೆದು ಹಾಕಲು ಅಂಗಡಿಯವರು ಹೇಳಿದರು ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ತೊಳೆಯಬೇಡಿ, ಹೊಲಸನ್ನು ನಿಭಾಯಿಸುವ ಬ್ಯಾಕ್ಟೀರಿಯಾಗಳೇ ತೊಳೆದುಹೋಗುತ್ತವೆ. ನಾನೂ ನಿಮ್ಮ ಕಾಸರಗೋಡು ಜಿಲ್ಲೆಯವನೇ, ಬದಿಯಡ್ಕದ ಕಡೆಯವನು, ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಾವಿಯ) ನೀರಿನಲ್ಲೇ ಮೀನು ಸಾಕುತ್ತೇನೆ. ಹಾಗಾಗಿ ಸ್ಪಂಜಿನ ಜೊತೆಗೆ ನಮ್ಮ ಕಡೆಯ ನೀರಿನ ಬಗ್ಗೆಯೂ ಹೇಳಬೇಕಾಗಿದೆ.

ಮೀನು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತಲೇ ಇರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಕೊನೆಯದನ್ನು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ ಹತೋಟಿಯಲ್ಲಿಡಬಹುದು. ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂದು 2015ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅದು ಸಿಕ್ಕ ಜಾಗಗಳಲ್ಲಿ ಒಂದು ಮೀನು ಸಾಕಣೆಯ ಫಿಲ್ಟರೇ ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಇವು ನೀರಿನಲ್ಲಿ ತೇಲಿಕೊಂಡು ಬದುಕುವುದು ತೀರಾ ಕಡಿಮೆ. ಸ್ಪಂಜು, ಸೆರಾಮಿಕ್ ರಿಂಗು, ಮರಳು, ಕಲ್ಲುಗಳ ಮೇಲೆ ಲೋಳೆಯ ಪದರವಾಗಿ ಅಂಟಿಕೊಂಡಿರುತ್ತವೆ. ಹಳೆಯ ಟ್ಯಾಂಕಿನ ನೀರನ್ನು ನಾಲ್ಕು ಬಕೆಟ್ ಸುರಿದರೆ ಹೊಸ ಟ್ಯಾಂಕ್ ಪಳಗುತ್ತದೆ ಎಂದು ಹಲವರು ನಂಬಿರುವುದು ಇದಕ್ಕೇ ತಪ್ಪು. ಮೀನಿಗೆ ನೀರಿನ ವ್ಯತ್ಯಾಸ ತಟ್ಟದಿರಲಿ ಎಂದು ಹಳೆಯ ನೀರನ್ನು ಬಳಸಿ, ಬ್ಯಾಕ್ಟೀರಿಯಾಕ್ಕಾಗಿ ಸ್ಪಂಜನ್ನೇ ಸಾಗಿಸಿ.

ಹಾಲಿಗೆ ಹೆಪ್ಪು ಹಾಕಿದಂತೆ, ಚೂರು ಸ್ಪಂಜು ಹಾಕಿದರೆ ಬೆಳಗಾಗುವಷ್ಟರಲ್ಲಿ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಮೊಸರಿನ ಬ್ಯಾಕ್ಟೀರಿಯಾ ಗಂಟೆಗೊಮ್ಮೆ ಎಂಬಷ್ಟು ವೇಗದಲ್ಲಿ ಇಮ್ಮಡಿಯಾಗುತ್ತವೆ, ಇವಕ್ಕೆ ಅನುಕೂಲದ ಸ್ಥಿತಿಯಲ್ಲೂ ಹೆಚ್ಚುಕಡಿಮೆ ಒಂದು ದಿನ ಬೇಕು. ಏನನ್ನೂ ಸಾಗಿಸದೆ ಹೊಸದಾಗಿ ಶುರುಮಾಡಿದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುವುದು ಇದೇ ಕಾರಣಕ್ಕೆ. ಅದೇ ಮೀನುಗಳು, ಅದೇ ಸ್ಪಂಜು ಪೂರ್ತಿಯಾಗಿ ಹೊಸ ಗಾಜಿಗೆ ಹೋದರೆ ಕಾಯುವ ಅಗತ್ಯವಿಲ್ಲ, ಗಾಜು ಮಾತ್ರ ಹೊಸದು. ನಾಲ್ಕು ಅಡಿ ಇದೆಯಲ್ಲಾ ಎಂದು ಅದೇ ದಿನ ಹತ್ತಾರು ಹೊಸ ಮೀನು ತಂದು ಬಿಟ್ಟರೆ ಮಾತ್ರ ಸ್ಪಂಜು ಸೋಲುತ್ತದೆ. ಹೊಸ ಮೀನುಗಳನ್ನು ವಾರಕ್ಕೆ ಮೂರು ನಾಲ್ಕರಂತೆ ಸೇರಿಸುತ್ತಾ ಬನ್ನಿ.

ಹೊಸ ಟ್ಯಾಂಕನ್ನು ಪೂರ್ತಿ ಸಿದ್ಧಪಡಿಸಿ ನೀರು ತುಂಬಿ, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಹಳೆಯ ಫಿಲ್ಟರನ್ನು ಬಿಚ್ಚಿ. ಕೆಸರು ಹೆಚ್ಚಿದ್ದರೆ ಹಳೆಯ ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಒಂದೆರಡು ಸಲ ಅದುಮಿ ತೆಗೆದರೆ ಸಾಕು. ಸ್ಪಂಜು ಹೊಸ ಫಿಲ್ಟರಿಗೆ ಹಿಡಿಸದಿದ್ದರೆ ಕತ್ತರಿಯಿಂದ ಕತ್ತರಿಸಿ, ಏನೂ ಆಗುವುದಿಲ್ಲ. ರಿಂಗುಗಳನ್ನು ನೈಲಾನ್ ಬಲೆಯ ಚೀಲದಲ್ಲಿ ತುಂಬಿ ಇಡಿ. ದೂರದಿಂದ ತರುವುದಾದರೆ, ಮಂಗಳೂರಿನ ಗೆಳೆಯರಿಂದ ಎಂದುಕೊಳ್ಳಿ, ಬಾಟಲಿಯಲ್ಲಿ ಮುಳುಗಿಸಿ ಮುಚ್ಚಬೇಡಿ. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಧಾರಾಳ ಗಾಳಿ ಬಿಟ್ಟು ಕಟ್ಟಿ, ಬಿಸಿಲು ತಾಗಿಸಬೇಡಿ. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು.

ಹಳೆಯ ಟ್ಯಾಂಕನ್ನೂ ಉಳಿಸಿಕೊಳ್ಳುವುದಾದರೆ ಅದರ ಸ್ಪಂಜು, ರಿಂಗುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯದಿರಿ, ಕೆಲವು ದಿನ ಅಲ್ಲಿಯೂ ಆಹಾರ ಕಡಿಮೆ ಮಾಡಿ. ಅವಸರವಿಲ್ಲದಿದ್ದರೆ ನನಗೆ ಎಲ್ಲಕ್ಕಿಂತ ಹಿಡಿಸುವ ದಾರಿ ಬೇರೆ: ಹೊಸ ಫಿಲ್ಟರನ್ನೇ ಒಂದು ತಿಂಗಳು ಹಳೆಯ ಟ್ಯಾಂಕಿನಲ್ಲಿ ಹಳೆಯದರ ಪಕ್ಕದಲ್ಲಿ ಓಡಿಸಿ.

ಇನ್ನು ನೀರು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿ, ಸುರಂಗಗಳ ನೀರು ಸಾಮಾನ್ಯವಾಗಿ ತುಂಬಾ ಮೃದು, ಆಮ್ಲೀಯ. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾಗಳು ನೀರಿನ ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯನ್ನು, ಖರ್ಚು ಮಾಡುತ್ತವೆ. ಅಮೋನಿಯಾ ರೂಪದ 1 ಮಿಲಿಗ್ರಾಂ ನೈಟ್ರೋಜನ್ನಿಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ. ಮೊದಲೇ ಕ್ಷಾರತೆ ಇಲ್ಲದ ನೀರಿನಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ) ಇಳಿಯುತ್ತಾ ಹೋಗುತ್ತದೆ. 6.5ರ ಕೆಳಗೆ ಅವುಗಳ ಕೆಲಸ ನಿಧಾನವಾಗುತ್ತದೆ, 6ರ ಹೊತ್ತಿಗೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಅಷ್ಟು ಆಮ್ಲೀಯ ನೀರಿನಲ್ಲಿ ಅಮೋನಿಯಾ ಹೆಚ್ಚಿನಂಶ ಅಮೋನಿಯಂ ರೂಪದಲ್ಲಿರುವುದರಿಂದ ಮೀನುಗಳು ಆರಾಮಾಗಿಯೇ ಕಾಣುತ್ತವೆ. ಆಗ ಒಮ್ಮೆಲೇ ಪಿಎಚ್ ಏರಿಸಿದರೆ ಅದೇ ಅಮೋನಿಯಂ ವಿಷವಾಗಿ ತಿರುಗುತ್ತದೆ. ಆದ್ದರಿಂದ ಸ್ಪಂಜು ತೆಗೆಯುವ ಮೊದಲು ಹಳೆಯ ಟ್ಯಾಂಕಿನ ಪಿಎಚ್ ಮತ್ತು ಅಮೋನಿಯಾ ಎರಡನ್ನೂ ಅಳೆಯಿರಿ. ವರ್ಷ ಹಳೆಯದಾದ ಮಾತ್ರಕ್ಕೆ ಸ್ಪಂಜು ಬಲವಾಗಿದೆ ಎನ್ನಲಾಗದು. ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದನ್ನು ಒಂದು ರಾತ್ರಿ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿಟ್ಟು ಆಮೇಲೆ ಅಳೆದರೆ ನಿಜವಾದ ಪಿಎಚ್ ಸಿಗುತ್ತದೆ.

ಪಿಎಚ್ ಹೀಗೆ ಇಳಿಯುವುದಕ್ಕೆ ಮದ್ದು ನಿಮ್ಮ ಕಡಲತೀರದಲ್ಲೇ ಇದೆ. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪುಗಳನ್ನು ಕುದಿಸಿ, ಉಜ್ಜಿ ತೊಳೆದು, ಒಣಗಿಸಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡಿ. ನೀರು ಆಮ್ಲೀಯವಾದಷ್ಟೂ ಚಿಪ್ಪು ಹೆಚ್ಚು ಕರಗುತ್ತದೆ, ಹಾಗಾಗಿ ಏರಿಕೆ ನಿಧಾನವಾಗಿಯೇ ಆಗುತ್ತದೆ. ಗಪ್ಪಿ, ಮೋಲಿಗಳಿಗೆ ಅದು ಒಳ್ಳೆಯದೇ. ಟೆಟ್ರಾಗಳಿದ್ದರೆ ಚಿಪ್ಪು ಕಡಿಮೆ ಮಾಡಿ.

ಮಳೆಗಾಲದ ಹೊತ್ತಿಗೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ್ದರೆ ಆ ನೀರು ಮೀನಿಗೂ ಸ್ಪಂಜಿಗೂ ಮಾರಕ. ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ, ಆಮೇಲೂ ಆಂಟಿ ಕ್ಲೋರಿನ್ ಹಾಕದೆ ಬಳಸಬೇಡಿ. ಗಾಳಿಮಳೆಗೆ ಕರೆಂಟು ಗಂಟೆಗಟ್ಟಲೆ ಹೋಗುವುದೂ ಆಗಲೇ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗೆ ನೀರು ನಿಂತು ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಅಂಥ ಹೊತ್ತಿನಲ್ಲಿ ಸ್ಪಂಜನ್ನು ತೆಗೆದು ಟ್ಯಾಂಕಿನಲ್ಲೇ ಹಾಕಿ, ಬ್ಯಾಟರಿಯ ಏರ್ ಪಂಪ್ ಓಡಿಸಿ.

ಹಳೆಯ ಟ್ಯಾಂಕಿನಲ್ಲಿ ಇತ್ತೀಚೆಗೆ ಮೀನುಗಳು ಕಾಯಿಲೆಯಿಂದ ಸತ್ತಿದ್ದರೆ, ಬಿಳಿಚುಕ್ಕೆ ರೋಗ ಬಂದಿದ್ದರೆ ಅಥವಾ ಆಂಟಿಬಯೋಟಿಕ್ ಹಾಕಿದ್ದರೆ ಆ ಸ್ಪಂಜು ಬೇಡ. ಅಪರಿಚಿತ ಅಂಗಡಿಯ ಟ್ಯಾಂಕಿನದ್ದಂತೂ ನಾನು ಪುಕ್ಕಟೆ ಕೊಟ್ಟರೂ ತರುವುದಿಲ್ಲ. ಬಸವನಹುಳುವಿನ ಮೊಟ್ಟೆಗಳು ಮಾತ್ರ ಹೇಗೂ ಜೊತೆಗೆ ಬರುತ್ತವೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಮೀನು ಬಿಟ್ಟ ಮೇಲೆ ಮೊದಲ ವಾರ ಆಹಾರವನ್ನು ಅರ್ಧಕ್ಕೆ ಇಳಿಸಿ, ದಿನವೂ ಅಮೋನಿಯಾ, ನೈಟ್ರೈಟ್ ಅಳೆಯಿರಿ. ಎರಡೂ ಸೊನ್ನೆ ಇರಬೇಕು. ಪರೀಕ್ಷೆಯ ಕಿಟ್ಟಿನಲ್ಲಿ ಬಣ್ಣ ಸ್ವಲ್ಪ ತಿರುಗಿದರೂ ಆ ದಿನ ಆಹಾರ ನಿಲ್ಲಿಸಿ, ಕಾಲು ಭಾಗ ನೀರು ಬದಲಿಸಿ. ನೈಟ್ರೈಟ್ ಕಂಡರೆ 10 ಲೀಟರಿಗೆ 1 ಗ್ರಾಂನಷ್ಟು ಉಪ್ಪು ಕರಗಿಸಿ ಹಾಕಿ, ಉಪ್ಪಿನ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆ.

ನಿಮ್ಮ ಬಾವಿಯ ನೀರಿನ ಪಿಎಚ್ ಎಷ್ಟು ಬಂತು, ಇರುವ ಮೀನುಗಳು ಯಾವುವು, ಎಷ್ಟು ಎಂದು ಕೆಳಗೆ ಬರೆಯಿರಿ. ಚಿಪ್ಪು ಎಷ್ಟು ಹಾಕಬೇಕು ಎಂಬುದನ್ನು ನೋಡಿ ಹೇಳುತ್ತೇನೆ.